ಗೆರೆಯಿಲ್ಲದ ಹೆಬ್ಬೆಟ್ಟು

ಗೋಡೆಗೆ ಯಂತ್ರ ಬಂದದ್ದು ಆಟಿ ಕಳೆದ ಸೋಮವಾರ.
ಅಂಗೈಯಗಲ ಪೆಟ್ಟಿಗೆ, ಒಳಗೊಂದು ಹೆಣ್ಣುದನಿ,
ನಮ್ಮ ಹಿರಿಯಡ್ಕದಲ್ಲಿ ಯಾರೂ ಆಡದ ಕನ್ನಡ:
"ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ವಾರಿಜಕ್ಕ ಪ್ರಯತ್ನಿಸಿದಳು.
ಸೆರಗಿಗೆ ಒರೆಸಿ, ಉಗುಳು ಹಚ್ಚಿ,
ತಲೆಯ ಎಣ್ಣೆಗೆ ತೀಡಿ,
ಹೆಬ್ಬೆರಳು, ತೋರುಬೆರಳು, ಕೊನೆಗೆ ಕಿರುಬೆರಳೂ.
ಇಪ್ಪತ್ತೆರಡು ವರ್ಷ ಗೇರುಬೀಜ ಒಡೆದ ಕೈ.
ಸೊನೆ ಮೊದಲು ಚರ್ಮ ತಿನ್ನುತ್ತದೆ,
ಆಮೇಲೆ ಗೆರೆ.
ಕೆಂಪು ದೀಪ.

ಅವ್ವಮ್ಮನಿಗೂ ಕೆಂಪು. ಜುಲಿಯಾನಾ ಬಾಯಿಗೂ.
ಜಾರ್ಖಂಡಿನ ಫುಲ್ಮನಿ ಬಂದು ಎರಡೇ ವರ್ಷ, ಅವಳಿಗೂ.
ಸಂಜೆ ಮ್ಯಾನೇಜರ್ ಪರದೆ ನೋಡಿ ಹೇಳಿದರು,
ಸಿಟ್ಟಿಲ್ಲದೆಯೇ, ಅದೇ ಕಷ್ಟ:
"ಕಟಿಂಗಿನಲ್ಲಿ ನಲವತ್ತೊಂದು ಜನ ಇವತ್ತು ಬರಲೇ ಇಲ್ಲ."
ಬರದವರು ಅವರೆದುರೇ ನಿಂತು
ಕೈಗೆ ಬೂದಿ ಉಜ್ಜುತ್ತಿದ್ದರು.

ನನ್ನದು ಪ್ಯಾಕಿಂಗ್.
ಕೈಗೆ ಗ್ಲೌಸು, ತಲೆಗೆ ಬಿಳಿ ಟೊಪ್ಪಿ,
ಬೆರಳಿನ ಗೆರೆಗಳೆಲ್ಲ ಇದ್ದಲ್ಲೇ ಉಂಟು.
ಒತ್ತಿದರೆ ಹಸಿರು. "ಧನ್ಯವಾದಗಳು."
ಎಂಟು ದಿನ ಆ ಧನ್ಯವಾದ ತೆಗೆದುಕೊಂಡೆ.
ಸುಳ್ಳು ಯಾಕೆ, ಚೀಟಿಯ ಕಂತು ಬಾಕಿ ಇತ್ತು.

ಬಸ್ಸಿನಲ್ಲಿ ವಾರಿಜಕ್ಕ ನನ್ನ ಪಕ್ಕವೇ ಕೂತಳು.
ಏನೂ ಕೇಳಲಿಲ್ಲ.
ಟಿಕೇಟಿಗೆ ಚಿಲ್ಲರೆ ಎಣಿಸುವಾಗ
ನಾಣ್ಯ ಬೆರಳಿಂದ ಜಾರಿ ಜಾರಿ ಬಿತ್ತು.
ಹೆಕ್ಕಿ ಕೊಟ್ಟೆ. ಆ ಬೆರಳು ತಾಗಿತು:
ಹೊಳೆಕಲ್ಲಿನ ನುಣುಪು.
"ರೇಷನ್ ಅಂಗಡಿಯಲ್ಲೂ ಹೀಗೇ ಮಾರಾಯ್ತಿ," ಅಂದಳು,
"ನಾನುಂಟು ಅಂತ ನಾನೇ ಹೇಳಿದರೆ ಸಾಲದಂತೆ."

ಆ ರಾತ್ರಿ ಯಾರು ಯಾರಿಗೆ ಫೋನು ಮಾಡಿದರೋ.
ಮರುದಿನ ಘೋಷಣೆ ಇರಲಿಲ್ಲ, ಬಾವುಟ ಇರಲಿಲ್ಲ.
ಸಾಲು ಇತ್ತು, ಎಂದಿನಂತೆ.
ಮೊದಲು ಗ್ರೇಡಿಂಗಿನ ಸುಗುಣಿ, ಗೆರೆ ಇರುವವಳು,
ಯಂತ್ರದ ಮುಂದೆ ನಿಂತು
ಕೈಯನ್ನು ಬೆನ್ನ ಹಿಂದೆ ಕಟ್ಟಿದಳು.
ಆಮೇಲೆ ಅವಳ ಹಿಂದಿನವಳು.
ಆಮೇಲೆ ನಾನು. ಮೊಣಕಾಲು ನಡುಗಿದ್ದನ್ನೂ ಬರೆಯಬೇಕು.
ನೂರ ಅರವತ್ತು ಜನ ಒಳಗೆ ಹೋಗಿ ಕೆಲಸಕ್ಕೆ ಕೂತೆವು.
ಬೀಜ ಒಡೆದೆವು, ಸಿಪ್ಪೆ ಸುಲಿದೆವು, ಡಬ್ಬ ತುಂಬಿದೆವು.
ಪರದೆಯ ಪ್ರಕಾರ ಆ ದಿನ ಕಾರ್ಖಾನೆಯಲ್ಲಿ
ಯಾರೂ ಇರಲಿಲ್ಲ.
ಲಾರಿ ಮಾತ್ರ ತುಂಬಿ ಹೋಯಿತು.

ಜುಲಿಯಾನಾ ಬಾಯಿ ಮಗಳ ಲೆಕ್ಕದ ಪುಸ್ತಕ ತಂದಳು,
ಇನ್ನೂರು ಪುಟ, ಚೌಕ ಚೌಕ.
ಹೆಸರು, ಬಂದ ಗಂಟೆ, ಹೋದ ಗಂಟೆ.
ಸಹಿ ಬಾರದವರು ಶಾಯಿಗೆ ಹೆಬ್ಬೆಟ್ಟು ಅದ್ದಿದರು:
ಗೆರೆಯಿಲ್ಲ, ಸುಳಿಯಿಲ್ಲ,
ಒಂದರ ಕೆಳಗೊಂದು ಬರೀ ನೀಲಿ ಬೊಟ್ಟು.

ಹನ್ನೊಂದನೆಯ ದಿನ ಲೇಬರ್ ಆಫೀಸರು ಬಂದರು.
ಕನ್ನಡಕ ಏರಿಸಿ, ಪುಟ ತಿರುವಿ,
"ಈ ಬೊಟ್ಟು ವಾರಿಜಾ ಪೂಜಾರ್ತಿಯದ್ದೇ ಅಂತ
ಎಂಥ ಸಾಕ್ಷಿ?"
"ನಾನು," ಅಂದಳು ಅವ್ವಮ್ಮ,
"ಇಪ್ಪತ್ತು ವರ್ಷ ಅವಳ ಬಲಕ್ಕೆ ಕೂತವಳು."
ಎಡಕ್ಕೆ ಕೂರುವ ಫುಲ್ಮನಿ,
ಇಲ್ಲೇ ಕಲಿತ ತುಳುವಿನಲ್ಲಿ:
"ಯಾನ್ಲಾ."

ಯಂತ್ರ ಇನ್ನೂ ಗೋಡೆಯಲ್ಲೇ ಉಂಟು.
ಪಕ್ಕದಲ್ಲಿ ಮೊಳೆ, ಮೊಳೆಗೆ ಹಗ್ಗ, ಹಗ್ಗಕ್ಕೆ ಪುಸ್ತಕ.
ಮೊದಲ ಎಂಟು ದಿನದ ಕೂಲಿ ಕೈಗೆ ಬಂದಿಲ್ಲ,
ಮುಂದಿನ ವಾರ ಮತ್ತೆ ಮಾತುಕತೆ.
ಒಮ್ಮೊಮ್ಮೆ ಗಾಜಿನ ಮೇಲೆ ಹಲ್ಲಿ ಹಾದರೆ
ಪೆಟ್ಟಿಗೆ ತನ್ನಷ್ಟಕ್ಕೆ ಬಾಯಿ ಬಿಡುತ್ತದೆ:
"ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."
ಬುತ್ತಿ ಹಿಡಿದು ಒಳಗೆ ನಡೆಯುತ್ತಲೇ ವಾರಿಜಕ್ಕ,
ತಿರುಗಿಯೂ ನೋಡದೆ,
"ನೀನೇ ಮಾಡು."