ಕೆಂಪು ಬಾಗಿಲಿಗೆ ಒಂದು ಟಪಾಲು

ನನ್ನನ್ನು ಆರಿಸಿದ್ದು ಮುಖ ನೋಡಿ ಅಲ್ಲ, ಕೋಟಿಗಾಗಿ.
ಅವರ ಹತ್ತಿರವಿದ್ದ ಕಪ್ಪು ಕೋಟು
ಊರಲ್ಲಿ ನನಗೊಬ್ಬನಿಗೇ ಹಿಡಿಸುತ್ತಿತ್ತಂತೆ.
ಹೂಸುಮಿನ ಅಂಚೆಯವನು ನಾನು: ಹಳದಿ ಸೈಕಲ್ಲು,
ಇಪ್ಪತ್ತೆರಡು ವರ್ಷ ಸವೆಸಿದ ಮಂಡಿ.
ಗಿಟಾರಿನ ಗೆಶೆ ಬಂದು ಕೇಳಿದಳು:
"ಭಾನುವಾರ ಬಿಡುವಿದೆಯಾ? ಒಂದು ಬಾಗಿಲು ಹೊರಬೇಕು."
ಎಲ್ಲಿಂದ ಎಲ್ಲಿಗೆ, ಅಂದೆ.
"ದಡದಿಂದ. ಎಲ್ಲಿಗೂ ಇಲ್ಲ."

ಇಳಿತದ ಹೊತ್ತಿಗೆ ನಮ್ಮ ಕಡಲು
ಮೈಲುಗಟ್ಟಲೆ ಹಿಂದೆ ಸರಿದು
ಬೂದು ಕೆಸರನ್ನು ಬಿಟ್ಟುಹೋಗುತ್ತದೆ,
ಉಂಡ ತಟ್ಟೆ ತೊಳೆಯದೆ ಎದ್ದವನ ಹಾಗೆ.
ಅದರ ಮೇಲೆ ನಾನು, ನನ್ನ ಮೇಲೆ ಬಾಗಿಲು,
ಚೌಕಟ್ಟು ಸಮೇತ.
ಹೆಜ್ಜೆಗೊಮ್ಮೆ ನೆಲ ಬೂಟನ್ನು ಕಚ್ಚಿ
ಪಚಕ್ಕೆಂದು ಬಿಡುತ್ತಿತ್ತು.
ಡ್ರಮ್ಮಿನ ಟ್ಯಾರ್ಕ್ ಜನರೇಟರ್ ಕಾಯುತ್ತಿದ್ದ,
ಬಾಸಿನ ಹಾರ್ಕೆಗೆ ಆಗಲೇ ನೆಗಡಿ.
ಹಾಡು ಒಂದು ಸಣ್ಣ ಸ್ಪೀಕರಿನಿಂದ,
ಅರ್ಧ ಗಾಳಿಯ ಪಾಲು, ಉಳಿದರ್ಧ ನಮ್ಮದು.
ಅದರಲ್ಲಿ ಬಾಗಿಲೆಂಬ ಪದವೇ ಇಲ್ಲ.
ಉಪ್ಪಿದೆ, ಗಂಟಲಿದೆ,
ಋಣ ತೀರದ ಯಾರೋ ಒಬ್ಬರಿದ್ದಾರೆ.
ಕ್ಯಾಮೆರಾದ ವೀಬ್ಕೆ ಹೇಳಿದಳು:
"ನಟಿಸಬೇಡಿ. ಭಾರವಿದೆಯಲ್ಲ, ಅಷ್ಟು ಸಾಕು."

ಭಾರವಿತ್ತು.
ಆ ಬಾಗಿಲು ನನಗೆ ಗೊತ್ತಿತ್ತು.
ಬಂದರು ಬೀದಿಯ ಮೊಮ್ಮೆಯ ರೆಕಾರ್ಡ್ ಅಂಗಡಿಯದು.
ದೋಣಿಗೆ ಬಳಿದು ಮಿಕ್ಕ ಕೆಂಪು ಬಣ್ಣ,
ಸೊಂಟದೆತ್ತರಕ್ಕೆ ಟಪಾಲಿನ ಹಿತ್ತಾಳೆ ಬಾಯಿ,
ಸ್ಪ್ರಿಂಗು ಬಿಗಿ, ದಿನವೂ ಬೆರಳು ಕಚ್ಚುತ್ತಿತ್ತು.
ಇದೇ ಮೂವರು, ಹದಿನಾಲ್ಕರ ವಯಸ್ಸಿನಲ್ಲಿ,
ಕಾಸಿಲ್ಲದೆ ಅಲ್ಲಿ ನೆಲದ ಮೇಲೆ ಕೂತು
ಸಂಜೆಯಿಡೀ ಕೇಳುತ್ತಿದ್ದರು. ಮೊಮ್ಮೆ ಗದರಲಿಲ್ಲ,
ರೆಕಾರ್ಡಿನ ಮಗ್ಗುಲು ಬದಲಿಸುತ್ತಿದ್ದ, ಅಷ್ಟೆ.

ಕೊನೆಯ ವರ್ಷ ಆ ಹಿತ್ತಾಳೆ ಬಾಯಿಗೆ
ನಾನು ತಿನ್ನಿಸಿದ್ದು:
ಬಾಡಿಗೆ ಬಾಕಿ. ಬಾಡಿಗೆ ಬಾಕಿ.
ಬ್ಯಾಂಕಿನ ಉದ್ದ ಲಕೋಟೆ. ಮತ್ತೆ ಬಾಡಿಗೆ ಬಾಕಿ.
ಕೊನೆಯದಕ್ಕೆ ಸಹಿ ಬೇಕಿತ್ತು.
ಬಾಗಿಲು ತೆರೆದು ನನ್ನ ಪೆನ್ನಿನಲ್ಲೇ ಸಹಿ ಹಾಕಿದ.
"ಚಳಿ ಇದೆ, ಒಳಗೆ ಬಾ, ಟೀ ಕುಡಿ" ಅಂದ.
ಇನ್ನೂ ಹನ್ನೊಂದು ಮನೆ ಬಾಕಿ, ಅಂದೆ.
ಮೂರೇ ಇದ್ದವು.

ಕೆಸರಿನ ನಟ್ಟನಡುವೆ ಬಾಗಿಲು ನಿಲ್ಲಿಸಿದೆವು,
ಗೋಡೆಯಿಲ್ಲ, ಹಿಂದೆ ಎರಡು ಕಬ್ಬಿಣದ ಸಲಾಕೆ.
ಬರೆದಿದ್ದ ಪ್ರಕಾರ ನಾನು ಬಾಗಿಲು ತೆಗೆದು
ಆಚೆ ದಾಟಿ, ತಿರುಗಿ ನೋಡದೆ ನಡೆಯಬೇಕು,
ನಾನು ಚುಕ್ಕೆಯಾದಲ್ಲಿಗೆ ಹಾಡು ಮುಗಿಯಬೇಕು.

ಕೈ ಹಿಡಿಕೆಗೆ ಹೋಗಲಿಲ್ಲ.
ಆ ಬಾಗಿಲಲ್ಲಿ ಕೈಗೆ ಗೊತ್ತಿದ್ದದ್ದು ಒಂದೇ ದಾರಿ.
ಜೇಬಿನಲ್ಲಿ ಸಿಕ್ಕ ಕಾಗದ ಮಡಚಿ
ಹಿತ್ತಾಳೆ ಬಾಯಿಗೆ ತುರುಕಿದೆ. ಕಚ್ಚಿತು.
ಆಚೆ ಬಿದ್ದ ಸದ್ದು ಬರಲಿಲ್ಲ.
ಯಾರಾದರೂ ತೆಗೆದಾರೆಂದು
ನಿಂತೆ,
ನಿಂತೇ ಇದ್ದೆ.
ಸ್ಪೀಕರಿನಲ್ಲಿ ಗೆಶೆಯ ದನಿ ಕೊನೆಯ ಸಾಲಿಗೆ ಬಂದು
ಅಲ್ಲೇ ಸೀಳಿತು.
"ನೀರು!" ವೀಬ್ಕೆ ಕೂಗಿದಳು.
ಉಬ್ಬರ ಮುಂದಿನಿಂದ ಬರುವುದಿಲ್ಲ,
ಕಾಲುವೆಗಳಲ್ಲಿ ನುಸುಳಿ ಬೆನ್ನ ಹಿಂದೆ ಬಂದಿರುತ್ತದೆ.
ಬಾಗಿಲನ್ನು ಅಲ್ಲೇ ಬಿಟ್ಟು ಓಡಿದೆವು.
ನನ್ನ ಎಡಗಾಲಿನ ಬೂಟು ಈಗಲೂ ಅಲ್ಲಿದೆ.

ಈಗ ನಾನು ಸೈಕಲ್ ನಿಲ್ಲಿಸಿದಲ್ಲೆಲ್ಲ
ಅರ್ಥ ಹೇಳುವವರಿದ್ದಾರೆ.
ಕೆಂಪೆಂದರೆ ಗರ್ಭ, ಅನ್ನುತ್ತಾಳೆ ಬೇಕರಿಯ ಆಂಟ್ಯೆ.
ಗಡಿ ಅನ್ನುತ್ತಾರೆ ಇತಿಹಾಸದ ಮೇಷ್ಟ್ರು, ನಿವೃತ್ತರು.
ಕಾಗದ ದೇವರಿಗೆ ಬರೆದದ್ದೆಂದು
ಹ್ಯಾಂಬರ್ಗಿನ ಪತ್ರಿಕೆಯೊಂದು ಅರ್ಧ ಪುಟ ಹಾಕಿತು.
ಅದು ಉಬ್ಬರ ಇಳಿತದ ವೇಳಾಪಟ್ಟಿ.
ಓದಿದ್ದರೆ ಬೂಟು ಉಳಿಯುತ್ತಿತ್ತು.

ಮೊಮ್ಮೆ ಈಗ ದ್ವೀಪಕ್ಕೆ ಹೋಗುವ ಹಡಗಿನಲ್ಲಿ
ಟಿಕೆಟ್ ಹರಿಯುತ್ತಾನೆ.
ಸರದಿ ಮುಗಿಸಿ ನೋಡಿದನಂತೆ, ಅಂಗೈಯಗಲದ ಪರದೆಯಲ್ಲಿ.
"ಬಾಸ್ ಒಂಚೂರು ಜಾಸ್ತಿ" ಅಂದ. ಹಾಡಿನ ಬಗ್ಗೆ ಅಷ್ಟೇ.
ಆಮೇಲೆ ನೀರಿನ ಕಡೆ ನೋಡುತ್ತ,
"ಸ್ಪ್ರಿಂಗು ಇನ್ನೂ ಹಾಗೇ ಇತ್ತಾ?"

ಬೆರಳು ತೋರಿಸಿದೆ.