ಎರಡು ಗಂಟೆ

ಬಲಕ್ಕೆ ಹೊರಳಿದರೂ ಎಡಕ್ಕೆ ಹೊರಳಿದರೂ
ಬೆನ್ನ ಹಿಂದಿನಿಂದ ಒಂದು ಮಾತು ಬಂದೇ ಬರುತ್ತದಂತೆ:
ದಾರಿ ಇದೇ, ಇದರಲ್ಲೇ ನಡೆ.

ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ
ಮರಾಠಿ ಸಭೆಯವರು ನಮಗೆ ಬಿಟ್ಟುಕೊಡುವ
ಕಲ್ಯಾಣದ ದೇವಾಲಯ.
ಇಪ್ಪತ್ತಾರು ಜನ ಕನ್ನಡದವರು, ಮೂರು ಫ್ಯಾನು.
ಓದಿದ್ದು ಕರುಣಮ್ಮ ಟೀಚರ್,
ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡು.
ನನಗೆ ನಗು ಬಂತು.

ಎಡ ಬಲ ನನ್ನ ಕೈಯಲ್ಲೆಲ್ಲಿದೆ?
ನಾನು ಮೋಟರ್‌ಮನ್.
ಹನ್ನೆರಡು ಡಬ್ಬಿಯ ಲೋಕಲ್ಲಿಗೆ ಸ್ಟಿಯರಿಂಗ್ ಇರುವುದಿಲ್ಲ ಸ್ವಾಮಿ.
ತಿರುವು ಯಾರೋ ಕ್ಯಾಬಿನ್ನಿನಲ್ಲಿ ಕೂತು ಹಾಕಿದ್ದು,
ದಾರಿ ಬ್ರಿಟಿಷರ ಕಾಲದ್ದು,
ನನ್ನದೇನಿದ್ದರೂ ಒತ್ತಿ ಹಿಡಿದ ಒಂದು ಹಿಡಿಕೆ.
ಕೈ ಸಡಿಲಿಸಿದರೆ ಗಾಡಿ ತಾನೇ ನಿಲ್ಲುತ್ತದೆ.
ನಡುದಾರಿಯಲ್ಲಿ ನಾನೇ ಸತ್ತರೂ
ಇನ್ನೊಬ್ಬರು ಸಾಯಬಾರದೆಂದು ಮಾಡಿಟ್ಟದ್ದು.

ಚಿಕ್ಕಂದಿನಿಂದ ದೇವರು ಮುಂದೆ ಇದ್ದ.
ಬೆಟಗೇರಿಯ ಭಾನುವಾರದ ಶಾಲೆಯ ಬಣ್ಣದ ಪಟಗಳಲ್ಲಿ
ಮುಂದೆ ಮೇಘ, ಮುಂದೆ ಬೆಂಕಿಯ ಕಂಬ,
ಮುಂದೆ ಕೋಲು ಹಿಡಿದ ಕುರುಬ.
ಹಾಗಾಗಿ, ದಿವಾ ದಾಟಿ ಮುಂಬ್ರಾಕ್ಕೆ ಮೊದಲು
ರಾತ್ರಿ ಹತ್ತು ನಲವತ್ತಕ್ಕೆ
ಹೆಡ್‌ಲೈಟಿನ ಬೆಳಕಿಗೆ ಒಂದು ಕಟ್ಟು ಕೊತ್ತಂಬರಿ ಬಿದ್ದು
ಆಮೇಲೆ ಅದನ್ನು ಹಿಡಿದಿದ್ದ ಕೈ ಬಿದ್ದಾಗ
ನಾನು ಮುಂದೆಯೇ ನೋಡಿದೆ.
ಮುಂದೆ ಯಾರೂ ಇರಲಿಲ್ಲ.

ಸ್ಟ್ರೆಚರ್ ಬಂತು, ಪೊಲೀಸರ ಕಾಗದ ಬಂತು,
ಹಿಂದಿನ ಡಬ್ಬಿಗಳಿಂದ ಬೈಗುಳ ಬಂತು.
ಹದಿನೇಳು ನಿಮಿಷ ಲೇಟು.
ಗಾರ್ಡು ಎರಡು ಗಂಟೆ ಒತ್ತಿದ: ಹೊರಡು.
ನನ್ನ ಕೈ ತೊಡೆಯ ಮೇಲಿತ್ತು, ಯಾರೋ ಮರೆತು ಬಿಟ್ಟುಹೋದಂತೆ.
ಮತ್ತೆ ಎರಡು.
ಆಮೇಲೆ ಫೋನಿನಲ್ಲಿ ಘುಲೆ,
ನನ್ನ ಹಂಚಿನಮನಿಯನ್ನು ಒಂದು ದಿನವೂ ನೆಟ್ಟಗೆ ಹೇಳದ ಮನುಷ್ಯ:
ಹಂಚಿನ್‌ಮಣಿ ಸಾಹೇಬ, ಮೀ ಮಾಗೇ ಆಹೇ. ಚಲಾ.

ಹಿಂದೆ ನಾನಿದ್ದೇನೆ. ನಡೀರಿ.

ನಿಮ್ಮ ತಪ್ಪಲ್ಲ ಎನ್ನಲಿಲ್ಲ.
ಹಣೆಬರಹ ಎನ್ನಲಿಲ್ಲ.
ಇನ್ನೂರೈವತ್ತು ಮೀಟರು ಹಿಂದೆ
ನನಗೆ ಕಾಣುವ ಸಿಗ್ನಲ್ಲು ಕಾಣದ ಕತ್ತಲಲ್ಲಿ ಕೂತು
ನಡೀರಿ ಅಂದ.
ಕೈ ಹಿಡಿಕೆಗೆ ಹೋಯಿತು.
ಮುಂಬ್ರಾ ಬಂತು. ಕಳವಾ ಬಂತು. ಠಾಣೆಯ ದೀಪಗಳು ಬಂದವು.

ಬೆಂಚಿನ ಮೇಲೆ ನಗು ಅರ್ಧಕ್ಕೇ ನಿಂತಿತು.
ಪಕ್ಕದಲ್ಲಿದ್ದ ಅವ್ವ ಮೊಣಕೈಯಿಂದ ತಿವಿದಳು,
ನಕ್ಕದ್ದಕ್ಕೆ. ಆಮೇಲೆ ಪಿಸುಗುಟ್ಟಿದಳು:
ಹಿಂದಿನಿಂದ ಅಂತ ಐತಿ ನೋಡು, ಮುಂದ ಅಂತಲ್ಲ.
ರಂಟಿ ಹೊಡಿಯಾಂವ ಎತ್ತಿನ ಮುಂದ ನಡೀತಾನೇನು?
ಓದು ಬಾರದ ಅವ್ವ,
ಎಂಬತ್ತೆರಡರ ಕಿವಿ.

ಕರುಣಮ್ಮ ಮುಂದಿನ ವಚನಕ್ಕೆ ಹೋಗಿಯಾಗಿತ್ತು.
ನಾನು ಅಲ್ಲೇ ಉಳಿದೆ.
ಆ ಕೊತ್ತಂಬರಿ ಯಾರ ಮನೆಯ ಸಾರಿಗೆ ಹೊರಟಿತ್ತೋ
ಆ ಮನೆಗೆ ಯಾವ ಮಾತು ಯಾವ ಕಡೆಯಿಂದ ಬಂತೋ
ನನಗೆ ಗೊತ್ತಿಲ್ಲ. ವಚನದಲ್ಲೂ ಇಲ್ಲ.
ಎಷ್ಟು ಸಲ ಹುಡುಕಿದರೂ ಇಲ್ಲ.

ವಿ.ಟಿ.ಯಲ್ಲಿ ಗಾಡಿಯ ತುದಿ ಬದಲಿಸಲು
ಅವನು ಆ ಕಡೆಯಿಂದ ನಾನು ಈ ಕಡೆಯಿಂದ ನಡೆಯುತ್ತೇವೆ.
ಆರನೆಯ ಡಬ್ಬಿಯ ಹತ್ತಿರ ಎದುರಾಗುತ್ತೇವೆ.
ಜೇವಣ ಝಾಲಂ ಕಾ? ಬರೀ ಊಟದ ವಿಚಾರ.
ನೋಡಿದರೆ ಸಾಧಾರಣ ಮುಖ, ಮೀಸೆಗೆ ತಂಬಾಕಿನ ಬಣ್ಣ.
ಆ ರಾತ್ರಿಯ ಮಾತು ಇಬ್ಬರೂ ಎತ್ತಿಲ್ಲ.

ಸೋಮವಾರ ನಸುಕಿನ ನಾಲ್ಕು ಹದಿನೆಂಟರ ಗಾಡಿ.
ಮುಂದೆ ಕತ್ತಲೆ, ಒಂದು ಹಳದಿ ಸಿಗ್ನಲ್.
ಹಿಂದಿನಿಂದ ಎರಡು ಗಂಟೆ.
ನಿಯಮದ ಪ್ರಕಾರ ತಿರುಗಿ ಎರಡು ಕೊಡಬೇಕು.
ಕೊಟ್ಟೆ.
ಬೆರಳು ಗುಂಡಿಯ ಮೇಲೆ
ನಿಯಮಕ್ಕಿಂತ ಕೊಂಚ ಹೆಚ್ಚು ಹೊತ್ತು ಇತ್ತು.