ಎಕ್ಸ್ ಅಕ್ಷರದ ರಿಪೇರಿ

ಕುಕ್ಸ್ ಟೌನಿನ ಆ ಮನೆಗೆ ಮೊದಲ ಸಲ ಹೋದಾಗ
ಬಾಗಿಲು ತಳ್ಳಿ ಬಂದದ್ದು ನಾಯಿ.
ಹಿಂದೆಯೇ ಆಕೆ: ಕಿವಿಗೆ ಪೆನ್ಸಿಲು,
ಗಂಡಸರ ಸ್ವೆಟರು, ಬರಿಗಾಲು.
‘ನೀನೇನಾ ಅವೆನ್ಯೂ ರೋಡ್ ಡಾಕ್ಟರ್?’
ಹರಕು ಕನ್ನಡದಲ್ಲಿ ಕೇಳಿ, ರೋಗಿಯನ್ನು ತೋರಿಸಿದರು.
ಊಟದ ಮೇಜಿನ ಮೇಲೆ, ಬಿಡಿಸಿಟ್ಟ ಅವರೆಕಾಳಿನ ಪಕ್ಕ
ಹಡಗಿನಲ್ಲಿ ಬಂದ ಪುಟ್ಟ ಟೈಪ್‌ರೈಟರು.

ಇಪ್ಪತ್ತು ವರ್ಷದ ಕಸುಬು ನನ್ನದು.
ಖಜಾನೆಯ ಮೆಷೀನಿನಲ್ಲಿ ಸೊನ್ನೆ ಸವೆಯುತ್ತದೆ,
ಕೋರ್ಟಿನದರಲ್ಲಿ
ಪೂರ್ಣವಿರಾಮ ಸವೆಯುವುದೇ ಇಲ್ಲ.
ಇವರದರಲ್ಲಿ ಸವೆದದ್ದು ಎಕ್ಸು!
ಇಂಗ್ಲಿಷಿನಲ್ಲಿ ಅದಕ್ಕೆ ಅಷ್ಟೇನು ಕೆಲಸ, ಕೇಳಿದೆ.
‘ಹೊಡೆದು ಹಾಕೋ ಕೆಲಸ’ ಅಂದರು.

ಲಕೋಟೆಯ ಮೇಲೆ ಮಿಸ್ ಎನಿಡ್ ಲಾಫ್ಟಸ್,
ಬೀದಿಯವರ ಬಾಯಲ್ಲಿ ಸಿನಿಮಾ ದೊರೆಸಾನಿ.
ಯಾವುದೋ ಬಂದರಿನ ಮೀನಂಗಡಿಯವನ ಮಗಳು.
ಲಂಡನ್ನಿಗೆ ಹೋದಾಗ ಮೊದಲು ಕಿತ್ತದ್ದು
ಊರಿನ ನಾಲಿಗೆಯನ್ನಂತೆ,
ಹಲ್ಲಿನ ನಡುವೆ ಬಿರಡೆ ಕಚ್ಚಿಸಿ, ಆರು ತಿಂಗಳು.
ಆಮೇಲೆ ಹನ್ನೊಂದು ಸಿನಿಮಾ. ಏಳರಲ್ಲಿ ಸಾವು.
ವಿಷ ಕುಡಿದು, ಮೆಟ್ಟಿಲಿಂದ ಉರುಳಿ,
ಒಂದರಲ್ಲಿ ಸುಮ್ಮನೆ, ನಾಯಕನಿಗೆ ದುಃಖ ಬೇಕಿತ್ತೆಂದು.

ದಂಡಿನ ಥಿಯೇಟರಿಗೆ ಅವರದೊಂದು ಬಂದಿತ್ತು, ಭಾನುವಾರದ ಬೆಳಗಿನ ಆಟ.
ಎಂಟಾಣೆ ಕೊಟ್ಟು ನೋಡಿ ಬಂದೆ.
‘ಏನ್ ಮೇಡಂ, ಮೂರೇ ನಿಮಿಷಕ್ಕೆ ಹೋಗಿಬಿಟ್ಟಿರಿ?’
‘ಸಂಬಳ ಮೂರು ವಾರದ್ದು’ ಅಂತ
ನಗುತ್ತಾ, ಕೆಮ್ಮುತ್ತಾ, ಟೀ ಸುರಿದರು.
ಟೀ ಸುರಿಯುವ ಕೈ ಮಾತ್ರ
ಪರದೆಯ ಮೇಲಿನದೇ.

ಕಬ್ಬನ್ ಪಾರ್ಕಿನ ಬಿದಿರ ಮೆಳೆಯನ್ನು
ಬರ್ಮಾ ಎಂದು ತೋರಿಸಲು ಬಂದಿದ್ದ ಕಂಪನಿ
ಹನ್ನೆರಡನೇ ದಿನ ಡೇರೆ ಕಿತ್ತಿತು.
ಇವರಿಗೆ ಕಾಮಾಲೆ. ಬೌರಿಂಗ್ ಆಸ್ಪತ್ರೆಯಲ್ಲಿ
ಜ್ವರದ ಚಾರ್ಟಿನ ಬೆನ್ನಿಗೆ ಬರೆಯಲು ಹಿಡಿದವರು
ವಾಸಿಯಾದ ಮೇಲೆ
ವಾಪಸು ಹೋಗುವುದನ್ನು ಮರೆತರು.

ಬರೆದ ಕತೆಗಳು ಟಪಾಲಿನಲ್ಲಿ ಲಂಡನ್ನಿಗೆ ಹೋಗುತ್ತಿದ್ದವು.
ಸಿನಿಮಾ ಆದವು ಆರೋ ಏಳೋ.
ಹೆಸರು ಬಂದದ್ದು ಎರಡಕ್ಕೆ, ಅದರಲ್ಲೊಂದು ತಪ್ಪು ಸ್ಪೆಲ್ಲಿಂಗು.
ಉಳಿದವಕ್ಕೆ ಒಂದು ಕಾಲದ ಗಂಡನ ಹೆಸರು.
ಇದನ್ನು ಹೇಳಿದ್ದು ಅವರಲ್ಲ,
ಮನೆಯೊಡತಿ ಮಿಸೆಸ್ ರೋಚ್, ಗೇಟಿನ ಹತ್ತಿರ, ಪಿಸುಮಾತಲ್ಲಿ.

ಹೊಸ ಎಕ್ಸು ಬೆಸೆದು ಕೊಟ್ಟೆ. ಮರುದಿನವೇ ಆಳು ಕಳಿಸಿದರು.
‘ಚಾನ್ರಾಯ್’ (ಚನ್ನರಾಯ ಎಂದು ಅವರಿಗೆ ಬರಲೇ ಇಲ್ಲ),
‘ಇದು ತುಂಬಾ ಕಪ್ಪು. ಹಳೇದೇ ಹಾಕು.
ಹೊಡೆದದ್ದರ ಕೆಳಗೆ
ಏನಿತ್ತು ಅಂತ ಕಾಣಬೇಕು ನನಗೆ.’
ಡಬ್ಬಿಯಲ್ಲಿ ಹುಡುಕಿದೆ. ಪುಣ್ಯ, ಬಿಸಾಡಿರಲಿಲ್ಲ.
ಎಷ್ಟು ಮೆಷೀನು ಕೈಮೇಲೆ ಹೋಗಿವೆ;
ಸವೆದ ಅಕ್ಷರವನ್ನು ಮರಳಿ ಬೆಸೆದದ್ದು
ಅದೊಂದಕ್ಕೇ.

ಎಂಟು ವರ್ಷ ಹೀಗೇ: ರಿಬ್ಬನ್ನು, ಎಣ್ಣೆ, ಟೀ.
ಒಂದು ಏಪ್ರಿಲ್ಲಿನಲ್ಲಿ ಮಿಸೆಸ್ ರೋಚ್ ಹೇಳಿ ಕಳಿಸಿದರು.
ಹೊಸೂರು ರಸ್ತೆಯ ಸ್ಮಶಾನದಲ್ಲಿ ಆಗಲೇ ಎಲ್ಲ ಮುಗಿದಿತ್ತು.
ಮೆಷೀನು ನನಗಂತೆ,
ಬಾಕಿ ಹದಿನೆಂಟು ರೂಪಾಯಿಯ ಲೆಕ್ಕಕ್ಕೆ.
ನಾಯಿ ಮೂಸಿ ನೋಡಿ, ಮೇಜಿನಡಿ ಮಲಗಿತು.

ಉರುಳೆಯಲ್ಲಿ ಹಾಳೆಯೊಂದು ಹಾಗೇ ಉಳಿದಿತ್ತು.
ಓದಬಾರದು. ಓದಿದೆ, ಅಕ್ಷರ ಕೂಡಿಸಿ ಕೂಡಿಸಿ.
ಎಕ್ಸುಗಳ ಕೆಳಗೆ, ತೆಳ್ಳಗೆ:
ಹುಡುಗಿ ಸಾಯುತ್ತಾಳೆ.
ಅದರ ಮುಂದೆ:
ಹುಡುಗಿ ರಸೆಲ್ ಮಾರ್ಕೆಟ್ಟಿಗೆ ಹೋಗಿ
ಬಂಗಡೆಯ ಬೆಲೆ ಕೇಳುತ್ತಾಳೆ, ಜಾಸ್ತಿ ಅನ್ನುತ್ತಾಳೆ

ಮಳೆಗಾಲಕ್ಕೆ ಮುಂಚೆ ಮೆಷೀನನ್ನು ಮಾರಿದೆ.
ಮಗಳ ಫೀಸು ಇತ್ತು, ಸುಳ್ಳೇಕೆ.
ಕೋರ್ಟಿನ ಮುಂದೆ ಮರದಡಿ ಕೂರುವ ಟೈಪಿಸ್ಟ್ ಪುಟ್ಟಶಾಮಯ್ಯ
ನಾಲ್ಕನೇ ದಿನಕ್ಕೆ ಹೊತ್ತು ತಂದ:
‘ಎಲ್ಲ ಚೆನ್ನಾಗಿದೆ. ಎಕ್ಸ್ ಒಂದು ಮೂಡಲ್ಲ, ಬದಲಾಯಿಸಿ ಕೊಡಿ.’
ಡಬ್ಬಿ ಮುಚ್ಚಿಟ್ಟುಕೊಂಡು,
ಸ್ಪೇರ್ ಇಲ್ಲ ಅಂದೆ.